ಸಾಂಕ್ರಾಮಿಕ ವ್ಯಾಧಿಯೂ ದೇಶಗಳ ನಡವಳಿಕೆಯೂ



ಒಂದೇ ವ್ಯಾಧಿಯು ಹಲವು ದೇಶಗಳನ್ನು ಹೊಕ್ಕಾಗ ಎಲ್ಲ ದೇಶಗಳೂ ಒಂದೇ ವಿಧವಾಗಿ ನರಳುವುದಿಲ್ಲ. ಒಂದು ನಾಡಿನಲ್ಲಿ ಹೂಳುವವರಿಲ್ಲದೆ ಶವಗಳು ಉಳಿದಿರುವಾಗ, ಅದರ ನೆರೆಯ ನಾಡು ಒಂದು ಜೀವವನ್ನೂ ಕಳೆದುಕೊಳ್ಳದೆ ಪಾರಾದ ನಿದರ್ಶನವುಂಟು. ವ್ಯಾಧಿಯ ಬೀಜವು ಒಂದೇ ಆಗಿದ್ದು, ಜನರ ಕುಲ, ಭಾಷೆ, ಆಹಾರ, ಹವೆಗಳೂ ಒಂದೇ ಆಗಿರುವಲ್ಲಿ ಫಲವು ಇಷ್ಟೊಂದು ಭಿನ್ನವಾದುದು ಏತರಿಂದ? ಈ ಪ್ರಶ್ನೆಯನ್ನು ೧೯೧೮ನೆಯ ಇಸವಿಯ ಇನ್‌ಫ್ಲುಯೆಂಜಾ ಮಹಾಮಾರಿಯ ಚರಿತ್ರೆಯಿಂದ ಪರಿಶೀಲಿಸುವುದೇ ಈ ಉಪನ್ಯಾಸದ ಉದ್ದೇಶವು.

ಆ ವ್ಯಾಧಿಯು ಮೊದಲನೆಯ ಮಹಾಯುದ್ಧದ ಕಡೆಯ ವರ್ಷದಲ್ಲಿ ತಲೆದೋರಿ, ಸೈನ್ಯಗಳೊಡನೆಯೂ ಹಡಗುಗಳೊಡನೆಯೂ ರೈಲುಗಳೊಡನೆಯೂ ಸಂಚರಿಸಿ, ಕೆಲವೇ ತಿಂಗಳುಗಳಲ್ಲಿ ಭೂಮಂಡಲವನ್ನೆಲ್ಲ ವ್ಯಾಪಿಸಿತು. ಮೃತರ ಸಂಖ್ಯೆಯು ೨ ಕೋಟಿಗೆ ಕಡಮೆಯಿಲ್ಲವೆಂದೂ, ೫ ಕೋಟಿಯವರೆಗೆ ಇರಬಹುದೆಂದೂ ವಿದ್ವಾಂಸರು ಗಣಿಸಿರುವರು. ವೃದ್ಧರನ್ನೂ ಶಿಶುಗಳನ್ನೂ ಮಾತ್ರವಲ್ಲದೆ, ೨೦ರಿಂದ ೪೦ ವರ್ಷ ಪ್ರಾಯದ ದೃಢಕಾಯರನ್ನೂ ಅದು ಲೆಕ್ಕವಿಲ್ಲದಷ್ಟು ಮಂದಿಯನ್ನು ಕೊಂಡೊಯ್ದಿತು. ಇದಕ್ಕೆ ಕಾರಣವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಗೋಚರವಾಗದ ವೈರಸ್ ಎಂಬ ಅಣುಜೀವಿಯೆಂಬುದು ಆಗ ಯಾರಿಗೂ ನಿಶ್ಚಯವಾಗಿ ತಿಳಿದಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಲಂಡನ್ನಿನಲ್ಲಿ ಸ್ಮಿತ್, ಆಂಡ್ರ್ಯೂಸ್, ಲೇಡ್‌ಲಾ ಎಂಬ ಮೂವರು ಪಂಡಿತರು ಕಂಡುಹಿಡಿದುದು ೧೯೩೩ರಲ್ಲಿ.

ಹೀಗೆ ರೋಗದ ಕಾರಣವು ತಿಳಿಯದೆ, ಅದಕ್ಕೆ ತಕ್ಕ ಮದ್ದಾಗಲಿ ಲಸಿಕೆಯಾಗಲಿ ಇಲ್ಲದೆ ಇದ್ದ ಆ ಕಾಲದಲ್ಲಿ ದೇಶಗಳ ಕೈಯಲ್ಲಿದ್ದ ಉಪಾಯಗಳು ನಾಲ್ಕೇ. ವ್ಯಾಧಿಯನ್ನು ಬಾಗಿಲಿನ ಹೊರಗೇ ತಡೆಯುವುದು ಒಂದು. ಒಳಹೊಕ್ಕರೆ ಜನಸಂದಣಿಯನ್ನು ನಿಲ್ಲಿಸುವುದು ಎರಡು. ಇದ್ದ ಸಂಗತಿಯನ್ನು ಇದ್ದಂತೆ ಜನರಿಗೆ ತಿಳಿಸುವುದು ಮೂರು. ಮಲಗಿದವರಿಗೆ ಅನ್ನ, ನೀರು, ಶುಶ್ರೂಷೆಗಳನ್ನು ಒದಗಿಸುವುದು ನಾಲ್ಕು. ಇವುಗಳಲ್ಲಿ ಯಾವುದೂ ಅಪಾರವಾದ ವಿದ್ಯೆಯನ್ನಾಗಲಿ ಐಶ್ವರ್ಯವನ್ನಾಗಲಿ ಬೇಡುವಂತಹುದಲ್ಲ. ಆದರೂ ಇವನ್ನು ಯಾರು ಎಷ್ಟು ಬೇಗ ಕೈಗೊಂಡರೆಂಬುದರ ಮೇಲೆಯೇ ಲಕ್ಷಾಂತರ ಜನರ ಅಳಿವು ಉಳಿವುಗಳು ನಿಂತುವು.

ಶಾಂತಸಾಗರದ ನಡುವೆ ಸಮೋವಾ ಎಂಬ ದ್ವೀಪಸಮೂಹವಿರುವುದು. ಒಂದೇ ಜನ, ಒಂದೇ ನುಡಿ. ಆದರೆ ೧೯೧೮ರಲ್ಲಿ ಅದರ ಪೂರ್ವಭಾಗವು ಅಮೆರಿಕದ ನೌಕಾಪಡೆಯ ಆಡಳಿತದಲ್ಲಿಯೂ, ಪಶ್ಚಿಮಭಾಗವು ನ್ಯೂಜಿಲೆಂಡಿನ ಸೈನಿಕ ಆಡಳಿತದಲ್ಲಿಯೂ ಇದ್ದುವು. ಆ ವರ್ಷದ ಅಕ್ಟೋಬರ್ ೩೦ನೆಯ ತಾರೀಖು ‘ತಲೂನ್’ ಎಂಬ ಉಗಿಹಡಗು ಆಕ್ಲೆಂಡ್ ಬಂದರನ್ನು ಬಿಟ್ಟಿತು. ಆಕ್ಲೆಂಡಿನಲ್ಲಿ ಆಗ ಇನ್‌ಫ್ಲುಯೆಂಜಾ ಹಬ್ಬುತ್ತಲಿತ್ತು. ಹಡಗು ಫಿಜಿಯನ್ನು ಮುಟ್ಟಿದಾಗ ಅಲ್ಲಿ ಅದಕ್ಕೆ ಕ್ವಾರಂಟೈನ್ ವಿಧಿಸಲ್ಪಟ್ಟಿತು. ನವೆಂಬರ್ ೭ನೆಯ ತಾರೀಖು ಅದು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂದಿತು. ಆಕ್ಲೆಂಡಿನಲ್ಲಿ ಘೋರವ್ಯಾಧಿಯಿರುವ ಸಂಗತಿಯು ಅಲ್ಲಿಯ ಬಂದರಿನ ಅಧಿಕಾರಿಗೆ ಗೊತ್ತಿರಲಿಲ್ಲ, ತಿಳಿಸಬೇಕಾದವರು ತಿಳಿಸಿರಲಿಲ್ಲ. ರೋಗಿಗಳಾಗಿದ್ದ ಪ್ರಯಾಣಿಕರೂ ಎಲ್ಲರೊಡನೆ ದಡಕ್ಕಿಳಿದರು.

ಕೆಲವು ದಿನಗಳೊಳಗಾಗಿ ವ್ಯಾಧಿಯು ಉಪೋಲು, ಸವಾಯಿ ಎಂಬ ಎರಡು ದ್ವೀಪಗಳನ್ನೂ ಆವರಿಸಿತು. ಸುಮಾರು ೩೮,೦೦೦ ಜನರಿದ್ದ ಆ ನಾಡಿನಲ್ಲಿ ಸುಮಾರು ೮,೫೦೦ ಮಂದಿ, ಎಂದರೆ ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಜನರು, ಎರಡು ತಿಂಗಳು ತುಂಬುವುದರೊಳಗಾಗಿ ಮಡಿದರು. ಮನೆಯವರೆಲ್ಲರೂ ಏಕಕಾಲದಲ್ಲಿ ಮಲಗಿದ ಮನೆಗಳಲ್ಲಿ ನೀರು ಕೊಡುವವರೂ ಇರಲಿಲ್ಲ, ತೋಟದಿಂದ ಗೆಡ್ಡೆಗೆಣಸುಗಳನ್ನು ತರುವವರೂ ಇರಲಿಲ್ಲ. ಜ್ವರದಿಂದ ಉಳಿಯಬಹುದಾಗಿದ್ದ ಕೆಲವರು ಹಸಿವಿನಿಂದ ಸತ್ತರು. ಒಬ್ಬೊಬ್ಬರಿಗೆ ಒಂದೊಂದು ಕುಣಿ ತೋಡಲು ಜನರು ಸಾಲದೆ, ಹಲವರನ್ನು ಒಂದೇ ಕುಣಿಯಲ್ಲಿ ಹೂಳಬೇಕಾಯಿತು.

ಇದೇ ಕಾಲದಲ್ಲಿ ಪೂರ್ವ ಸಮೋವಾದ ಗವರ್ನರಾಗಿದ್ದ ಜಾನ್ ಪಾಯರ್ ಎಂಬ ನೌಕಾಧಿಕಾರಿಯು ನಿಸ್ತಂತು ವಾರ್ತೆಗಳಿಂದ ವ್ಯಾಧಿಯ ವಿಷಯವನ್ನು ತಿಳಿದು, ಅಪ್ಪಣೆಗಾಗಿ ಕಾಯದೆ, ಪಾಗೋಪಾಗೋ ಬಂದರಿಗೆ ಬರುವ ಹಡಗುಗಳಿಗೆಲ್ಲ ಕಠಿನವಾದ ಕ್ವಾರಂಟೈನನ್ನು ವಿಧಿಸಿದನು. ಆದರೆ ಆಜ್ಞೆಯೊಂದರಿಂದಲೇ ಕಡಲ ದಡವನ್ನೆಲ್ಲ ಕಾಯಲಾಗದು. ದ್ವೀಪದ ಜನರೇ ತಮ್ಮ ದೋಣಿಗಳಲ್ಲಿ ಕುಳಿತು ಹಗಲಿರುಳೂ ಕಾವಲಿದ್ದು, ಪಶ್ಚಿಮದಿಂದ ಬಂದ ದೋಣಿಗಳನ್ನು ಹಿಂದಿರುಗಿಸಿದರು. ಬಂಧುಬಳಗವನ್ನೇ ದಡಕ್ಕೆ ಸೇರಿಸದೆ ಕಳುಹಿಸುವುದು ಎಷ್ಟು ಕಠಿನವಾದ ಕಾರ್ಯವೆಂಬುದನ್ನು ಯಾರೂ ಊಹಿಸಬಹುದು. ಈ ಕಟ್ಟುಪಾಡು ೧೯೨೦ರವರೆಗೆ ನಡೆಯಿತು. ಫಲವಾಗಿ ಪೂರ್ವ ಸಮೋವಾದಲ್ಲಿ ಆ ವ್ಯಾಧಿಯಿಂದ ಒಬ್ಬರಾದರೂ ಸಾಯಲಿಲ್ಲ.

ಇಲ್ಲಿಗೇ ಕಥೆಯು ಮುಗಿಯಲಿಲ್ಲ. ಪಾಯರನು ಆಪಿಯಾಕ್ಕೆ ಸಂದೇಶವನ್ನು ಕಳುಹಿಸಿ ಸಹಾಯಮಾಡಲು ಸಿದ್ಧನೆಂದು ತಿಳಿಸಿದನು. ಪಶ್ಚಿಮದ ಆಡಳಿತಗಾರನಾಗಿದ್ದ ಕರ್ನಲ್ ರಾಬರ್ಟ್ ಲೋಗನ್ನನು ಆ ಸಹಾಯವನ್ನು ಪಡೆಯಲಿಲ್ಲ. ತನ್ನ ಅಂಚೆಯ ದೋಣಿಗೆ ಪಾಗೋಪಾಗೋದಲ್ಲಿ ಕ್ವಾರಂಟೈನ್ ವಿಧಿಸಲ್ಪಟ್ಟುದರಿಂದ ಕೋಪಗೊಂಡು ನಿಸ್ತಂತು ಸಂಪರ್ಕವನ್ನೇ ಕಡಿದುಬಿಟ್ಟನು. ಸಾವಿರಾರು ಜನರು ಹಾಸಿಗೆ ಹಿಡಿದಿರುವಾಗ ಒಬ್ಬ ಅಧಿಕಾರಿಯ ಮಾನಾಪಮಾನದ ಭಾವನೆಯು ವೈದ್ಯರಿಗೂ ರೋಗಿಗಳಿಗೂ ನಡುವೆ ಗೋಡೆಯಾಯಿತು. ಈ ನೋವು ಸಮೋವಾದ ಜನರ ಮನಸ್ಸಿನಿಂದ ಅಳಿಯಲಿಲ್ಲ. ಮುಂದೆ ನಡೆದ ಸ್ವಾತಂತ್ರ್ಯ ಚಳವಳಿಗೆ ಇದೂ ಒಂದು ಕಾರಣವಾಯಿತು. ೧೯೬೨ರಲ್ಲಿ ಆ ದೇಶವು ಸ್ವತಂತ್ರವಾಯಿತು. ೨೦೦೨ರಲ್ಲಿ ನ್ಯೂಜಿಲೆಂಡಿನ ಪ್ರಧಾನಮಂತ್ರಿಣಿ ಹೆಲೆನ್ ಕ್ಲಾರ್ಕರು ಸಮೋವಾಕ್ಕೆ ಹೋಗಿ, ಈ ಅನಾಹುತಕ್ಕಾಗಿಯೂ ಬಹಿರಂಗವಾಗಿ ಕ್ಷಮೆಯನ್ನು ಬೇಡಿದರು.

ದ್ವೀಪಕ್ಕೆ ಬಾಗಿಲು ಮುಚ್ಚುವುದು ಸುಲಭ, ವಿಶಾಲವಾದ ದೇಶಕ್ಕೆ ಅದು ಸಾಧ್ಯವೇ ಎಂದು ಕೆಲವರು ಆಕ್ಷೇಪಿಸಬಹುದು. ಪಶ್ಚಿಮ ಸಮೋವಾವೂ ದ್ವೀಪವೇ ಆಗಿತ್ತೆಂಬುದು ಇದಕ್ಕೆ ಒಂದು ಸಮಾಧಾನ. ಆಸ್ಟ್ರೇಲಿಯಾ ಖಂಡದ ನಿದರ್ಶನವು ಎರಡನೆಯದು. ಆ ದೇಶವು ೧೯೧೮ರ ಅಕ್ಟೋಬರಿನಲ್ಲಿಯೇ ಹಡಗುಗಳನ್ನು ತಡೆದು ನಿಲ್ಲಿಸತೊಡಗಿತು. ೧೯೧೯ರ ಜನವರಿಯಲ್ಲಿ ವ್ಯಾಧಿಯು ಮೆಲ್ಬೋರ್ನಿನಲ್ಲಿ ಕಾಣಿಸಿಕೊಂಡಿತು; ಪ್ರಾಂತಗಳು ತಮ್ಮತಮ್ಮೊಳಗಿನ ಒಪ್ಪಂದವನ್ನು ಮುರಿದು ಜಗಳವಾಡಿದುವು. ಆದರೂ ಆ ಕೆಲವು ತಿಂಗಳುಗಳ ವಿಳಂಬದಿಂದ ವ್ಯಾಧಿಯ ಅತ್ಯುಗ್ರವಾದ ಅಲೆಯು ತಪ್ಪಿತು. ೫೦ ಲಕ್ಷ ಜನರಲ್ಲಿ ೧೨,೦೦೦ದಿಂದ ೧೫,೦೦೦ ಮಂದಿ ಮೃತರಾದರು. ಇತರ ಬಹು ದೇಶಗಳಿಗಿಂತ ಇದು ಅಲ್ಪ ಪ್ರಮಾಣವು. ಪೂರ್ಣವಾಗಿ ತಡೆಯಲಾರದವನು ತಡವಾಗಿಸಿದರೂ ಜೀವಗಳನ್ನು ಉಳಿಸಿದಂತೆಯೇ ಸರಿ.

ಜನಸಂದಣಿಯ ವಿಷಯದಲ್ಲಿ ಅಮೆರಿಕದ ಎರಡು ನಗರಗಳು ಪಾಠವನ್ನು ಕಲಿಸುವುವು. ಫಿಲಡೆಲ್ಫಿಯಾ ನಗರದಲ್ಲಿ ರೋಗವು ಆಗಲೇ ಕಾಣಿಸಿಕೊಂಡಿದ್ದರೂ, ೧೯೧೮ರ ಸೆಪ್ಟೆಂಬರ್ ೨೮ನೆಯ ತಾರೀಖು ಯುದ್ಧಸಾಲದ ನಿಮಿತ್ತ ಮಹಾ ಮೆರವಣಿಗೆಯನ್ನು ನಡೆಸಿದರು; ಸುಮಾರು ೨ ಲಕ್ಷ ಜನರು ನೆರೆದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದುವು. ಸೇಂಟ್ ಲೂಯಿ ನಗರದಲ್ಲಿಯಾದರೋ, ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್‌ನು ವ್ಯಾಧಿಯು ತಲೆಯೆತ್ತಿದೊಡನೆಯೇ, ಅಕ್ಟೋಬರ್ ಮೊದಲನೆಯ ವಾರದ ಕಡೆಗೆ, ಪಾಠಶಾಲೆ, ನಾಟಕಶಾಲೆ, ಪ್ರಾರ್ಥನಾಮಂದಿರಗಳನ್ನು ಮುಚ್ಚಿಸಿದನು. ವರ್ತಕರು ನಷ್ಟವೆಂದು ದೂರಿದರೂ ಅವನು ಬಗ್ಗಲಿಲ್ಲ. ಆ ಕಾಲದ ಲೆಕ್ಕಗಳನ್ನು ೨೦೦೭ರಲ್ಲಿ ಮರಳಿ ಶೋಧಿಸಿದ ವಿದ್ವಾಂಸರು, ಸೇಂಟ್ ಲೂಯಿಯ ಮರಣಪ್ರಮಾಣವು ಫಿಲಡೆಲ್ಫಿಯಾದ ಅರ್ಧಕ್ಕಿಂತಲೂ ಕಡಮೆಯಾಗಿತ್ತೆಂದು ತೋರಿಸಿರುವರು.

ಸತ್ಯವನ್ನು ಮರೆಮಾಡಿದುದಕ್ಕೆ ಆ ವ್ಯಾಧಿಯ ಹೆಸರೇ ಸಾಕ್ಷಿಯು. ಯುದ್ಧಮಾಡುತ್ತಿದ್ದ ರಾಜ್ಯಗಳು ಸೈನ್ಯದ ಉತ್ಸಾಹವು ಕುಗ್ಗಬಾರದೆಂದು ಪತ್ರಿಕೆಗಳ ಬಾಯಿಯನ್ನು ಕಟ್ಟಿದುವು. ತಟಸ್ಥವಾಗಿದ್ದ ಸ್ಪೇನ್ ದೇಶದ ಪತ್ರಿಕೆಗಳು ಮಾತ್ರ ಇದ್ದುದನ್ನು ಬರೆದುವು. ಆದುದರಿಂದ ಲೋಕವು ಅದನ್ನು ‘ಸ್ಪೇನಿನ ಜ್ವರ’ವೆಂದು ಕರೆಯಿತು. ನಿಜವನ್ನು ಹೇಳಿದವನ ತಲೆಗೇ ಅಪವಾದವು ಬಂದಿತು.

ಭರತಖಂಡದ ಗತಿಯು ಇವೆಲ್ಲಕ್ಕಿಂತಲೂ ಶೋಚನೀಯವಾಯಿತು. ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಪಹರೆಯಿದ್ದ ಪೋಲೀಸ್ ಶಿಪಾಯಿಗಳು ಮೊದಲು ಜ್ವರಪೀಡಿತರಾದರು. ಅಲ್ಲಿಂದ ರೈಲುಮಾರ್ಗಗಳನ್ನು ಹಿಡಿದು ವ್ಯಾಧಿಯು ದೇಶವನ್ನೆಲ್ಲ ಹೊಕ್ಕಿತು; ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳಾಗಲಿ ಮೈಸೂರು ಸಂಸ್ಥಾನವಾಗಲಿ ಹೊರತಾಗಲಿಲ್ಲ. ಪ್ಲೇಗು ಬಂದಾಗ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಜನರಿಗೆ, ಉಸಿರಿನಿಂದಲೇ ಹರಡುವ ಈ ಜ್ವರವನ್ನು ತಪ್ಪಿಸಿಕೊಳ್ಳುವ ದಾರಿಯೇ ತೋರಲಿಲ್ಲ. ಆ ವರ್ಷವೇ ಮಳೆಯೂ ಹೋಯಿತು. ಧಾನ್ಯದ ಬೆಲೆಯು ಏರಿತು. ವೈದ್ಯರಲ್ಲಿ ಅನೇಕರು ಯುದ್ಧಕ್ಕೆ ಹೋಗಿದ್ದರು. ಮೃತರಾದವರು ೧ ಕೋಟಿ ೨೦ ಲಕ್ಷಕ್ಕೆ ಕಡಮೆಯಿಲ್ಲವೆಂದು ಗಣನೆಯುಂಟು. ೧೯೧೧ರಿಂದ ೧೯೨೧ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿದುದು ಇದರಿಂದಲೇ.

ಮುಂಬಯಿ ನಗರದ ಲೆಕ್ಕವೊಂದನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು. ಅಲ್ಲಿ ಸಾವಿರಕ್ಕೆ ಯೂರೋಪಿಯನ್ನರಲ್ಲಿ ಸುಮಾರು ೮ ಮಂದಿಯೂ, ಕೆಳಜಾತಿಯವರೆಂದು ದೂರವಿರಿಸಲ್ಪಟ್ಟ ಬಡಜನರಲ್ಲಿ ಸುಮಾರು ೬೧ ಮಂದಿಯೂ ಸತ್ತರು. ಪುರುಷರಿಗಿಂತ ಸ್ತ್ರೀಯರು ಹೆಚ್ಚಾಗಿ ಮಡಿದರು. ವೈರಸ್ಸು ಕುಲವನ್ನು ಕೇಳಲಿಲ್ಲ. ಗಾಳಿಬೆಳಕಿಲ್ಲದ ಒಂದು ಕೋಣೆಯಲ್ಲಿ ಹತ್ತು ಜನರಿರುವಂತೆ ಮಾಡಿದುದೂ, ಎಲ್ಲರಿಗೂ ಉಣಬಡಿಸಿ ಕಡೆಗೆ ಉಳಿದುದನ್ನು ಉಣ್ಣುವಂತೆ ಹೆಂಗಸನ್ನು ಇರಿಸಿದುದೂ ಮನುಷ್ಯರೇ ಹೊರತು ವ್ಯಾಧಿಯಲ್ಲ. ನ್ಯೂಜಿಲೆಂಡಿನಲ್ಲಿಯೂ ಹೀಗೆಯೇ, ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನರು ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಾಗಿ ಸತ್ತರು.

ಈ ಪಾಠಗಳು ಒಮ್ಮೆ ಕಲಿತರೆ ಉಳಿಯುವಂತಹವೂ ಅಲ್ಲ. ೨೦೧೮ರಲ್ಲಿ ಸ್ವತಂತ್ರ ಸಮೋವಾದಲ್ಲಿ ದಡಾರದ ಲಸಿಕೆಗೆ ಬೇರೊಂದು ಔಷಧವನ್ನು ತಪ್ಪಿ ಬೆರೆಸಿ ಕೊಟ್ಟುದರಿಂದ ಎರಡು ಶಿಶುಗಳು ತೀರಿಕೊಂಡುವು. ಲಸಿಕೆಯ ಕಾರ್ಯವು ತಿಂಗಳುಗಟ್ಟಲೆ ನಿಂತಿತು. ಜನರ ನಂಬಿಕೆಯು ಹೋಯಿತು. ಮರುವರ್ಷ, ೨೦೧೯ರಲ್ಲಿ, ದಡಾರವು ಬಂದು ೮೩ ಜೀವಗಳನ್ನು ಕೊಂಡೊಯ್ದಿತು. ಅವರಲ್ಲಿ ಬಹುಮಂದಿ ಎಳೆಯ ಮಕ್ಕಳು. ಆಗ ಸರಕಾರವು ಡಿಸೆಂಬರ್ ೫ ಮತ್ತು ೬ನೆಯ ತಾರೀಖು ಕಚೇರಿಗಳನ್ನೆಲ್ಲ ಮುಚ್ಚಿ, ಲಸಿಕೆಯಾಗದ ಮನೆಯ ಮುಂದೆ ಕೆಂಪು ಬಟ್ಟೆಯನ್ನು ಕಟ್ಟಬೇಕೆಂದು ವಿಧಿಸಿ, ಮನೆಮನೆಗೂ ದಾದಿಯರನ್ನು ಕಳುಹಿಸಿತು. ಮುಂದಿನ ವರ್ಷವೇ ಕೋವಿಡ್ ಬಂದಾಗ ಆ ದೇಶವು ಸ್ವಲ್ಪವೂ ತಡಮಾಡದೆ ಬಾಗಿಲನ್ನು ಮುಚ್ಚಿತು. ೨೦೨೨ರ ಮಾರ್ಚಿಯಲ್ಲಿ ಆ ವ್ಯಾಧಿಯು ಊರೊಳಗೆ ಹಬ್ಬಿದಾಗ ವಯಸ್ಕರಲ್ಲಿ ಬಹುಮಂದಿಗೆ ಲಸಿಕೆಯಾಗಿತ್ತು. ೧೯೧೮ರ ಸ್ಮರಣೆಯು ಈ ಸಲ ನಿಷ್ಫಲವಾಗಲಿಲ್ಲ. ದಕ್ಷಿಣ ಕೊರಿಯಾವೂ ೨೦೧೫ರಲ್ಲಿ ಮರ್ಸ್ ಎಂಬ ರೋಗದಿಂದ ೩೮ ಜನರನ್ನು ಕಳೆದುಕೊಂಡು, ಕಾಯಿದೆಗಳನ್ನು ತಿದ್ದಿಕೊಂಡು ಸಿದ್ಧವಾಗಿದ್ದುದರಿಂದಲೇ ೨೦೨೦ರಲ್ಲಿ ರೋಗಪರೀಕ್ಷೆಯನ್ನು ಬೇಗನೆ ವಿಸ್ತರಿಸಲು ಶಕ್ತವಾಯಿತು.

ಭರತಖಂಡದಲ್ಲಿ ಕೋವಿಡ್‌ನಿಂದ ಆದ ಮೊದಲನೆಯ ಮರಣವೆಂದು ದಾಖಲೆಯಾದುದು ೨೦೨೦ರ ಮಾರ್ಚಿಯಲ್ಲಿ, ಕಲಬುರಗಿಯಲ್ಲಿ. ಒಡನೆಯೇ ಕರ್ನಾಟಕದಲ್ಲಿ ಜಾತ್ರೆ, ಮದುವೆ, ಚಿತ್ರಮಂದಿರಗಳಿಗೆ ತಡೆಯಾಯಿತು. ಮಾರ್ಚಿ ೨೪ರ ರಾತ್ರಿ ಎಂಟು ಗಂಟೆಗೆ ಸಾರಿ, ನಾಲ್ಕೇ ಗಂಟೆಗಳ ಅವಧಿಯಲ್ಲಿ ಇಡೀ ದೇಶವನ್ನು ನಿಲ್ಲಿಸಲಾಯಿತು. ಸಂದಣಿಯು ನಿಂತಿತು, ಆದರೆ ದುಡಿಮೆಯೂ ನಿಂತು, ನಗರಗಳಲ್ಲಿದ್ದ ಕೂಲಿಕಾರರು ಹೆಂಡಿರುಮಕ್ಕಳೊಡನೆ ನೂರಾರು ಮೈಲಿ ನಡೆದು ಊರು ಸೇರಬೇಕಾಯಿತು. ಎರಡನೆಯ ಉಪಾಯವನ್ನು ಕೈಗೊಂಡು ನಾಲ್ಕನೆಯದನ್ನು ಮರೆತರೆ ಏನಾಗುವುದೆಂಬುದನ್ನು ಇದು ತೋರಿಸಿತು. ಮನೆಯಲ್ಲಿರೆಂದು ಹೇಳುವವನು ಆ ಮನೆಯಲ್ಲಿ ಹಿಟ್ಟಿರುವುದೋ ಇಲ್ಲವೋ ಎಂದು ಕೇಳಿಯೇ ಹೇಳತಕ್ಕದ್ದು.

ಇವೆಲ್ಲವನ್ನೂ ತೂಗಿ ನೋಡಿದರೆ, ದೇಶಗಳನ್ನು ಕಾಪಾಡಿದುದು ಸಂಪತ್ತೊಂದೇ ಅಲ್ಲ, ವಿದ್ಯೆಯೊಂದೇ ಅಲ್ಲ. ಫಿಲಡೆಲ್ಫಿಯಾ ಎರಡನ್ನೂ ಪಡೆದಿತ್ತು. ಕಾಲವರಿತು ನಡೆದವರು ಉಳಿದರು. ಸುದ್ದಿಯನ್ನು ಮುಚ್ಚಿಟ್ಟವರು ಅಳಿದರು, ಇತರರನ್ನೂ ಅಳಿಸಿದರು. ಚಾಚಿದ ಕೈಯನ್ನು ಅಭಿಮಾನದಿಂದ ತಳ್ಳಿದವನ ಪ್ರಜೆಗಳು ಅನಾಥರಾದರು. ಅಧಿಕಾರಿಗಳ ಆಜ್ಞೆಗೆ ಜನರ ಒಪ್ಪಿಗೆಯು ಕೂಡಿದಲ್ಲಿ, ದೋಣಿಯಲ್ಲಿ ಕುಳಿತು ಕಾವಲಿದ್ದ ಬೆಸ್ತನು ಸೈನ್ಯಕ್ಕಿಂತಲೂ ಬಲವಾದ ಕೋಟೆಯಾದನು.

ಇಂತಹ ವ್ಯಾಧಿಯು ಮತ್ತೆ ಬರಲಾರದೆಂದು ಹೇಳಬಲ್ಲ ವೈದ್ಯನಿಲ್ಲ. ಬಂದ ದಿನ ಜಾತ್ರೆಯನ್ನು ಮುಂದಕ್ಕೆ ಹಾಕಬೇಕಾಗಬಹುದು, ಪಂಕ್ತಿಯನ್ನು ಬಿಡಿಸಬೇಕಾಗಬಹುದು, ನೆಂಟನನ್ನು ಬಾಗಿಲಲ್ಲಿಯೇ ನಿಲ್ಲಿಸಬೇಕಾಗಬಹುದು. ಆಗ ಹಾಗೆ ನಿಲ್ಲಿಸುವುದು ನಿಷ್ಠುರವಲ್ಲ, ನಿಂತವನಿಗೆ ಅನ್ನವನ್ನು ಮುಟ್ಟಿಸದಿರುವುದೇ ನಿಷ್ಠುರವು. ಪಕ್ಕದ ಮನೆಯ ಒಲೆಯಲ್ಲಿ ಎರಡು ದಿನಗಳಿಂದ ಹೊಗೆಯೇಳದಿರುವುದನ್ನು ಮೊದಲು ಗಮನಿಸತಕ್ಕವರು ಸರಕಾರದವರಲ್ಲ, ನೆರೆಯವರು. ಆಪಿಯಾದಲ್ಲಿ ೧೯೧೮ರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೊರತೆಯಾದುದು ಮದ್ದಲ್ಲ, ನೀರಿನ ಪಾತ್ರೆಯನ್ನು ಹಿಡಿದ ಒಂದು ಕೈ.