ಬೆರಕೆ ಕತೆ ಬರೆಯಿರಿ, ಧೈರ್ಯವಾಗಿ ಕಳಿಸಿರಿ

ಕತೆ ಬರೆಯುವ ಹುಡುಗ ಹುಡುಗಿಯರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ನನ್ನ ಕತೆಯಲ್ಲಿ ಒಂದು ಕೊಲೆ ಇದೆ, ಒಂದು ದೆವ್ವ ಇದೆ, ನಮ್ಮೂರ ಜಾತ್ರೆಯೂ ಇದೆ. ಇದನ್ನು ಯಾವ ಪತ್ರಿಕೆಗೆ ಕಳಿಸಲಿ? ಪತ್ತೇದಾರಿ ಅಂತ ಪಕ್ಕಕ್ಕಿಡುತ್ತಾರೋ ಏನೋ." ಹೀಗೆ ಅಳೆದೂ ಸುರಿದೂ ಕೊನೆಗೆ ದೆವ್ವವನ್ನೋ ಕೊಲೆಯನ್ನೋ ಕಿತ್ತು ಹಾಕಿ, ಉಳಿದದ್ದನ್ನು ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ಮೊದಲು ಹೊಳೆದ ಕತೆಯೇ ನಿಮ್ಮ ಕತೆ. ಕನ್ನಡಕ್ಕೆ ಬೇಕಾಗಿರುವುದೂ ಅದೇ.

ಪ್ರಕಾರಗಳನ್ನು ಬೆರೆಸುವುದು ಹೊರಗಿನಿಂದ ಬಂದ ಹೊಸ ಶೋಕಿ ಎಂದು ಯಾರಾದರೂ ಹೇಳಿದರೆ ಅವರಿಗೆ 'ವಡ್ಡಾರಾಧನೆ' ತೆಗೆದುಕೊಡಿ. ನಮಗೆ ಸಿಕ್ಕಿರುವ ಅತಿ ಹಳೆಯ ಗದ್ಯಕೃತಿಗಳಲ್ಲಿ ಅದೊಂದು, ಹತ್ತೊಂಬತ್ತು ಕತೆಗಳ ಸಂಕಲನ. ಅದರಲ್ಲಿ ವಿದ್ಯುಚ್ಚೋರನದೊಂದು ಕತೆ ಬರುತ್ತದೆ. ಹಗಲು ಹೊತ್ತು ಕುಷ್ಠರೋಗಿಯ ವೇಷ, ರಾತ್ರಿಯಾದರೆ ಚೆಲುವಾಂತ ಚೆನ್ನಿಗ, ಕೈಗೆ ಸಿಗದ ಕಳ್ಳ. ಅರಸನ ಹಾರ ಕಳವಾಗುತ್ತದೆ. ಕಳ್ಳನನ್ನು ಹಿಡಿಯಲು ತಳವಾರ ಯಮದಂಡನಿಗೆ ಗಡುವು ಬೀಳುತ್ತದೆ. ಅವನು ಕುಷ್ಠರೋಗಿಯ ಮೇಲೆ ಗುಮಾನಿಪಟ್ಟು ಎಳೆದು ತರುತ್ತಾನೆ, ಬಗೆಬಗೆಯಾಗಿ ದಂಡಿಸುತ್ತಾನೆ. ಕಳ್ಳ ಬಾಯಿ ಬಿಡುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆ ನಿಜ ಹೊರಬರುತ್ತದೆ: ಕಳ್ಳನೂ ತಳವಾರನೂ ಬಾಲ್ಯದ ಗೆಳೆಯರು, ಒಟ್ಟಿಗೆ ಓದಿದವರು. ಗೆಳೆಯನ ಕಾವಲಿದ್ದಲ್ಲೇ ಕದ್ದು ತನ್ನ ವಿದ್ಯೆ ತೋರಿಸಬೇಕೆಂದು ಬಂದವನು ಕೊನೆಗೆ ಮುನಿಯಾಗುತ್ತಾನೆ. ಈಗ ಹೇಳಿ, ಇದು ಪತ್ತೇದಾರಿ ಕತೆಯೋ, ಗೆಳೆತನದ ಕತೆಯೋ, ಧರ್ಮಬೋಧೆಯೋ? ಸಾವಿರ ವರ್ಷಕ್ಕೂ ಹಿಂದಿನ ಆ ಕತೆಗಾರನಿಗೆ ಈ ಪ್ರಶ್ನೆಯೇ ಏಳಲಿಲ್ಲ.

ನಡುವೆ ಎಲ್ಲೋ ನಾವು ಕತೆಗಳನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದೆವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಎಷ್ಟೋ ಜನ ಓದಿನ ರುಚಿ ಹತ್ತಿಸಿಕೊಂಡರು. ಆದರೆ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕ ಜಾಗ ತೀರಾ ಕಡಿಮೆ. ವಿಜ್ಞಾನ ಕತೆ ಬರೆದ ರಾಜಶೇಖರ ಭೂಸನೂರಮಠರ ಪಾಡೂ ಹೆಚ್ಚುಕಡಿಮೆ ಅದೇ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ನಮ್ಮ ದೊಡ್ಡ ಲೇಖಕರು ಈ ಪಂಕ್ತಿಭೇದವನ್ನು ಕ್ಯಾರೇ ಅನ್ನಲಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಪ್ರೀತಿಯಿದೆ, ಜಾತಿಯ ಕ್ರೌರ್ಯವಿದೆ, ಕೊಲೆಯಿದೆ. ಅದೇ ಪುಟಗಳಲ್ಲಿ ಮಂಚ ಮಾತಾಡುತ್ತದೆ, ಊರ ದೀಪಗಳ ಜೋತಮ್ಮಗಳು ರಾತ್ರಿ ಕಲೆತು ಸುಖದುಃಖ ಹೇಳಿಕೊಳ್ಳುತ್ತವೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸ, ವಿಜ್ಞಾನ, ಪತ್ತೇದಾರಿ ಮೂರನ್ನೂ ಒಂದೇ ಕತೆಗೆ ತಂದು, ಆಕರಗಳ ಸಮೇತ ಅಚ್ಚು ಹಾಕಿಸಿದರು. ಓದುಗರು ಅವರನ್ನು ಕೈಬಿಡಲಿಲ್ಲ.

ಬೆರೆಸುವುದು ಹೇಗೆ ಎಂದು ಕಲಿಯಬೇಕಾದರೆ ತೇಜಸ್ವಿಯವರ 'ಕೃಷ್ಣೇಗೌಡನ ಆನೆ'ಯನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಮಠದ ಆನೆಯೊಂದನ್ನು ಒಬ್ಬ ಕೊಂಡು ತರುತ್ತಾನೆ. ಟೆಲಿಫೋನ್ ಲೈನು, ಕರೆಂಟಿನ ಕಂಬ, ಅರಣ್ಯ ಇಲಾಖೆ, ಊರಲ್ಲಿ ಏನು ಕೆಟ್ಟರೂ ಬೆರಳು ಆನೆಯ ಕಡೆಗೇ ತಿರುಗುತ್ತದೆ. ಓದುಗ ನಗುತ್ತ ನಗುತ್ತ ಒಂದು ತನಿಖೆಯೊಳಗೆ ಕಾಲಿಟ್ಟಿರುತ್ತಾನೆ, ತನಿಖೆಯ ಜೊತೆಗೇ ಕಾಡು ಹೇಗೆ ಹಾಳಾಗುತ್ತಿದೆ ಎಂಬುದನ್ನೂ ಕಂಡಿರುತ್ತಾನೆ. ಇಲ್ಲಿ ಹಾಸ್ಯ ಮುಗಿಯಿತು, ಇಲ್ಲಿಂದ ಪರಿಸರದ ಮಾತು ಎಂದು ಗೆರೆ ಎಳೆದು ತೋರಿಸಲು ಬರುವುದಿಲ್ಲ. ಎಲ್ಲವನ್ನೂ ಹೊತ್ತು ನಡೆಯುವುದು ಒಂದೇ ಆನೆ. ಗುಟ್ಟು ಇರುವುದು ಅಲ್ಲಿಯೇ. ಎಷ್ಟು ಪ್ರಕಾರ ಬೇಕಾದರೂ ತನ್ನಿ, ಆದರೆ ಅವೆಲ್ಲ ಒಂದೇ ವಸ್ತುವಿಗೆ, ಒಂದೇ ಜೀವಕ್ಕೆ, ಒಂದೇ ಪ್ರಶ್ನೆಗೆ ಕಟ್ಟಿಬಿದ್ದಿರಬೇಕು.

ನಿಮ್ಮ ಸುತ್ತ ಇಂಥ ವಸ್ತುಗಳಿಗೆ ಬರವಿಲ್ಲ. ಪಾವಗಡದ ತಿರುಮಣಿ ಸುತ್ತಮುತ್ತ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟಿನದು. ಜಮೀನು ಇಂದಿಗೂ ರೈತರದೇ, ಗುತ್ತಿಗೆಗೆ ಕೊಟ್ಟಿದ್ದಾರೆ. ಅದೇ ಸೀಮೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಹಾಡಿದ ಸೀಮೆ. ಅಲ್ಲೊಂದು ಕುರಿಮಂದೆ ಒಂದು ರಾತ್ರಿ ಪ್ಯಾನೆಲ್‌ಗಳ ನಡುವೆ ಕಾಣೆಯಾಗುತ್ತದೆ ಎಂದುಕೊಳ್ಳಿ. ಹುಡುಕುವವಳು ಕಾವಲು ಕಂಪನಿಯ ಕ್ಯಾಮೆರಾ ನೋಡಿಕೊಳ್ಳುವ ಹುಡುಗಿ, ಆಕೆಯ ಅಜ್ಜ ಜುಂಜಪ್ಪನ ಕತೆ ಹಾಡುವವನು. ಕ್ಯಾಮೆರಾದಲ್ಲಿ ಕಂಡದ್ದಕ್ಕೂ ಅಜ್ಜನ ಹಾಡಿಗೂ ತಾಳೆ ಬೀಳತೊಡಗಿದರೆ? ಇಷ್ಟರಲ್ಲಿ ಪತ್ತೇದಾರಿ ಬಂತು, ಜನಪದ ಬಂತು, ನಾಳೆಯ ಲೋಕವೂ ಬಂತು. ಆದರೆ ಆ ವಿಚಿತ್ರದ ಸುಳಿವು ಮೊದಲ ಪುಟದಲ್ಲೇ ಒಂದು ಸಾಲಾಗಿಯಾದರೂ ಇರಲಿ. ಹತ್ತು ಪುಟ ನೆಲದ ಮೇಲೆ ನಡೆದು, ಕೊನೆಯಲ್ಲಿ ಬಿಡಿಸಲಾಗದ ಗಂಟನ್ನು ದೇವರ ಕೈಗೆ ಕೊಟ್ಟರೆ ಓದುಗನಿಗೆ ಮೋಸವಾಗುತ್ತದೆ. ಕ್ಯಾಮೆರಾ ಕೋಣೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಹೋಗಿ ನೋಡಿ, ಹಾಡುವವರ ಎದುರು ಕೂತು ಕೇಳಿ. ಬೆರಕೆ ಕತೆಗೆ ದುಡಿಮೆ ಒಂದಕ್ಕೆ ಎರಡು. ಪತ್ತೇದಾರಿ ಓದುವವನಿಗೂ ಒಪ್ಪಬೇಕು, ಜನಪದ ಬಲ್ಲವನಿಗೂ ಒಪ್ಪಬೇಕು.

ಇನ್ನು ಕಳಿಸುವ ಮಾತು. ಕನ್ನಡದಲ್ಲಿ ಕತೆಗೆ ಜಾಗವೇ ಇಲ್ಲ ಎಂಬ ಗೊಣಗಾಟವನ್ನು ನಾನು ಒಪ್ಪುವುದಿಲ್ಲ. ಸುಧಾ, ತರಂಗ, ಮಯೂರ, ತುಷಾರ, ಕಸ್ತೂರಿ, ಭಾನುವಾರದ ಪುರವಣಿಗಳು, ದೀಪಾವಳಿ ಯುಗಾದಿ ವಿಶೇಷಾಂಕಗಳು, ಅವುಗಳ ಕಥಾಸ್ಪರ್ಧೆಗಳು, ಕೆಂಡಸಂಪಿಗೆಯಂಥ ಜಾಲಪತ್ರಿಕೆಗಳು, ಬುಕ್ ಬ್ರಹ್ಮದ ಸ್ಪರ್ಧೆ ಎಲ್ಲವೂ ಇವೆ. ಅಚ್ಚಾಗದ ಕಥಾಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಬಹುಮಾನವಿದೆ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಕಳಿಸುವ ಮುಂಚೆ ಆ ಪತ್ರಿಕೆಯ ಹಿಂದಿನ ಆರು ಸಂಚಿಕೆಗಳ ಕತೆಗಳನ್ನಾದರೂ ಓದಿ. ಸಂಪಾದಕರು ಯಾವ ವಿಚಿತ್ರಕ್ಕೆ ಬಾಗಿಲು ತೆರೆದಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಜೊತೆಗಿಡುವ ಪತ್ರದಲ್ಲಿ "ಇದು ವೈಜ್ಞಾನಿಕ ಜಾನಪದ ಥ್ರಿಲ್ಲರ್" ಎಂದು ಹಣೆಪಟ್ಟಿ ಅಂಟಿಸಬೇಡಿ. ಕತೆಯ ಹೆಸರು, ಪದಗಳ ಸಂಖ್ಯೆ, ಸ್ವಂತ ಮತ್ತು ಅಪ್ರಕಟಿತ ಎಂಬ ಒಂದು ಮಾತು ಸಾಕು. ಫೇಸ್‌ಬುಕ್ಕಿನಲ್ಲೋ ಪ್ರತಿಲಿಪಿಯಲ್ಲೋ ಹಾಕಿದ ಕತೆಯನ್ನು ಸ್ಪರ್ಧೆಗಳು ಪ್ರಕಟವಾದದ್ದೆಂದೇ ಲೆಕ್ಕ ಹಿಡಿಯಬಹುದು. ಮೆಚ್ಚುಗೆಯ ಅವಸರಕ್ಕೆ ಒಳ್ಳೆಯ ಕತೆಯನ್ನು ಅಲ್ಲಿ ಖರ್ಚು ಮಾಡಿಕೊಳ್ಳಬೇಡಿ. ಒಂದೇ ಕತೆಯನ್ನು ಒಂದೇ ಸಲ ಎರಡು ಕಡೆ ಕಳಿಸಲೂ ಬೇಡಿ.

ಸಂಭಾವನೆ ದೊಡ್ಡದಿರುವುದಿಲ್ಲ, ಅದನ್ನು ನಂಬಿ ಕೆಲಸ ಬಿಡಬೇಡಿ. ಆದರೆ ಒಂದು ಕತೆಯ ಆಯುಷ್ಯ ಪತ್ರಿಕೆಯ ಪುಟಕ್ಕೇ ಮುಗಿಯುವುದಿಲ್ಲ. ತೇಜಸ್ವಿಯವರ 'ತಬರನ ಕಥೆ' ಗಿರೀಶ ಕಾಸರವಳ್ಳಿಯವರ ಸಿನಿಮಾ ಆಯಿತು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಇಂಗ್ಲಿಷಿಗೆ ಹೋಗಿ ಅಮೆರಿಕದ ಓದುಗರನ್ನು ತಲುಪಿತು. ಪತ್ರಿಕೆಗಳಲ್ಲಿ ಕತೆ ಬರೆಯುತ್ತ ಬಂದ ಬಾನು ಮುಷ್ತಾಕರ ಹನ್ನೆರಡು ಕತೆಗಳ 'ಹಾರ್ಟ್ ಲ್ಯಾಂಪ್' ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಆ ಬಹುಮಾನ ಸಣ್ಣಕತೆಗಳ ಪುಸ್ತಕಕ್ಕೆ ಬಂದದ್ದು ಅದೇ ಮೊದಲು. ವಿಚಿತ್ರ, ವಿಸ್ಮಯದ ಕತೆ ಬರೆಯುವವರಿಗೆ ಇನ್ನೊಂದು ದಾರಿಯೂ ಇದೆ. 'ಸ್ಟ್ರೇಂಜ್ ಹೊರೈಝನ್ಸ್' ಬಳಗದ 'ಸಮೊವರ್' ಪತ್ರಿಕೆ ಇಂಥ ಕತೆಗಳ ಅನುವಾದಗಳಿಗೆಂದೇ ಇದ್ದು, ಮೂಲಭಾಷೆಯ ಪಠ್ಯವನ್ನೂ ಜೊತೆಗೆ ಕೊಡುತ್ತದೆ. ನಿಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವ ಗೆಳತಿ ಇದ್ದರೆ ಇಬ್ಬರೂ ಕೂತು ಒಂದು ಕತೆಯನ್ನು ಅನುವಾದಿಸಿ ನೋಡಿ.

ಹೀಗೆ ದಾರಿ ದೂರವಾದಷ್ಟೂ ಹಕ್ಕಿನ ಮೇಲೆ ಕಣ್ಣಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಸ್ವಂತವಾಗಿ ಬರೆದ ಕತೆಯ ಮೊದಲ ಒಡೆಯರು ನೀವೇ. ಆ ಹಕ್ಕು ನಿಮ್ಮ ಜೀವಿತ ಕಾಲಕ್ಕೂ ಅನಂತರದ 60 ವರ್ಷಕ್ಕೂ ಇರುತ್ತದೆ. ಬಾಯಿಮಾತಿನಲ್ಲಿ ಅದು ಯಾರಿಗೂ ಹೋಗುವುದಿಲ್ಲ, ಬರವಣಿಗೆಯಲ್ಲಿರಬೇಕು, ಸಹಿಯಿರಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಿನಿಮಾ, ಆಡಿಯೊ, ಅನುವಾದ, ಮೂರನ್ನೂ ಒಂದೇ ಸಾಲಿನಲ್ಲಿ "ಎಲ್ಲ ಹಕ್ಕುಗಳು" ಎಂದು ಬರೆದ ಕಾಗದ ಎದುರಿಗೆ ಬಂದರೆ, ಬಹುಮಾನದ ಸಂಭ್ರಮದಲ್ಲಿದ್ದರೂ ಸಹಿ ಹಾಕುವ ಮುಂಚೆ ಒಂದು ದಿನ ತಡೆಯಿರಿ, ತಿಳಿದವರನ್ನು ಕೇಳಿ.

ಕತೆ ವಾಪಸು ಬರುತ್ತದೆ. ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಆಗ ನಿಮ್ಮ ಕತೆಯ ದೆವ್ವವನ್ನು ಓಡಿಸಬೇಡಿ, ಅದು ಮೊದಲ ಪುಟದಲ್ಲೇ ಕಾಲಿಟ್ಟಿದೆಯೇ ಎಂದಷ್ಟೇ ನೋಡಿ, ತಿದ್ದಿ, ಇನ್ನೊಂದು ಪತ್ರಿಕೆಗೆ ಕಳಿಸಿ. ಅದು ಹೊರಟ ದಿನವೇ ಮುಂದಿನ ಕತೆಗೆ ಕೂರಿ. ದೀಪಾವಳಿ ಸ್ಪರ್ಧೆಗಳಿಗೆ ಕರೆ ಬರುವುದು ಹಬ್ಬಕ್ಕೆ ತಿಂಗಳುಗಳ ಮೊದಲೇ. ಆ ಹೊತ್ತಿಗೆ ಡ್ರಾಯರಿನಲ್ಲಿ ತಿದ್ದಿ ಮುಗಿಸಿದ ಎರಡು ಕತೆಗಳಾದರೂ ಇರಲಿ, ಅದರಲ್ಲಿ ಒಂದು, ಇದು ಯಾವ ಪ್ರಕಾರ ಎಂದು ನಿಮಗೇ ಹೇಳಲಾಗದ್ದು. ಅದನ್ನೇ ಮೊದಲು ಕಳಿಸಿ.