ಧಣಿಗೆ ‘ಆಗಲ್ಲ’ ಅನ್ನೋ ಪೈಲಟ್

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ ಪೈಲಟ್‌ಗಳ ಮುಷ್ಕರದ ಸುದ್ದಿ ಓದುವಾಗ ಇದೇ ಕುರ್ಚಿಯಲ್ಲಿ ಕೂತು ನಾನೊಂದು ಮಾತು ಹೇಳಿದ್ದೆ: ‘ಲಕ್ಷಗಟ್ಟಲೆ ಸಂಬಳ ಎಣಿಸೋರಿಗೆ ಸಂಘ ಯಾಕ್ರೀ? ಇದು ಹೊಟ್ಟೆ ತುಂಬಿದವರ ಹೋರಾಟ.’ ಸ್ಟುಡಿಯೋದಲ್ಲಿ ಎಲ್ಲರೂ ತಲೆಯಾಡಿಸಿದರು. ಮರುದಿನ ವೀಕ್ಷಕರೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ‘ಸರ್, ನಿಮ್ಮ ಬಸ್ ಡ್ರೈವರ್ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾನೆ ಅಂದ್ರೆ ಆ ಬಸ್ ಹತ್ತುತ್ತೀರಾ?’ ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಇದೆ. ಆದರೆ ಅದಕ್ಕೆ ನಿಮ್ಮನ್ನು ಅಮೆರಿಕದವರೆಗೆ ಕರೆದುಕೊಂಡು ಹೋಗಬೇಕು.

ವಾರನ್ ಬಫೆಟ್ ಹೆಸರು ಕೇಳಿದ್ದೀರಿ. ಜಗತ್ತಿನ ದೊಡ್ಡ ಶ್ರೀಮಂತರಲ್ಲಿ ಒಬ್ಬರು, ದುಂದು ಕಂಡರೆ ಆಗದವರು. ಅವರ ಕಂಪನಿ ಒಂದು ಜೆಟ್ ಕೊಂಡಾಗ ಅದಕ್ಕೆ ಅವರಿಟ್ಟ ಹೆಸರೇನು ಗೊತ್ತಾ? ‘ದಿ ಇನ್‌ಡಿಫೆನ್ಸಿಬಲ್’. ಸಮರ್ಥನೆಯೇ ಇಲ್ಲದ್ದು ಅಂತ! ಆಮೇಲೆ ರುಚಿ ಹತ್ತಿತು ನೋಡಿ. 1998ರಲ್ಲಿ 72.5 ಕೋಟಿ ಡಾಲರ್ ಕೊಟ್ಟು ನೆಟ್‌ಜೆಟ್ಸ್ ಅನ್ನೋ ಖಾಸಗಿ ಜೆಟ್ ಕಂಪನಿಯನ್ನೇ ಅವರ ಬರ್ಕ್‌ಷೈರ್ ಸಂಸ್ಥೆ ಖರೀದಿಸಿತು.

ಈ ಕಂಪನಿಯ ವ್ಯವಹಾರ ಸ್ವಾರಸ್ಯವಾಗಿದೆ. ಪೂರ್ತಿ ವಿಮಾನ ಕೊಳ್ಳೋದು ಬೇಡ, ಪಾಲು ಕೊಂಡರೆ ಸಾಕು. ಹದಿನಾರರಲ್ಲಿ ಒಂದು ಪಾಲು ಕೊಂಡವನಿಗೆ ವರ್ಷಕ್ಕೆ 50 ಗಂಟೆ ಹಾರಾಟ. ಕೆಲವೇ ಗಂಟೆ ಮೊದಲು ಹೇಳಿದರೂ ವಿಮಾನ ಸಿದ್ಧವಾಗಬೇಕು. ವಿಮಾನವೇನೋ ಬರುತ್ತೆ, ಸರಿ. ಹಾರಿಸುವ ಮನುಷ್ಯ?

ಆ ಮನುಷ್ಯ ಏಳು ದಿನ ಕೆಲಸ, ಏಳು ದಿನ ರಜೆ ಎಂಬಂಥ ಪಾಳಿಯಲ್ಲಿ ಮನೆ ಬಿಟ್ಟಿರುತ್ತಾನೆ. ಇವತ್ತು ಎಲ್ಲಿ ಮಲಗುತ್ತೇನೆ ಅನ್ನೋದು ಬೆಳಗ್ಗೆ ಅವನಿಗೇ ಗೊತ್ತಿರೋದಿಲ್ಲ. ಖಾಸಗಿ ಜೆಟ್‌ಗಳಲ್ಲಿ ಎಷ್ಟೋ ಸಲ ಪ್ರಯಾಣಿಕರ ಸೂಟ್‌ಕೇಸ್ ಎತ್ತಿಡೋದು, ಊಟ ಬಂತಾ ಅಂತ ನೋಡೋದು, ಅವರು ಇಳಿದ ಮೇಲೆ ಸೀಟು ಒರೆಸೋದು ಎಲ್ಲವೂ ಪೈಲಟ್‌ನ ಪಾಲಿಗೇ. ಇನ್ನೊಂದು ವಿಷಯ ಗಮನಿಸಿ. ಅಮೆರಿಕದ ಸಂಘವಿರುವ ಕಂಪನಿಗಳಲ್ಲಿ ಪೈಲಟ್‌ನ ಸಂಬಳ, ಪಾಳಿ, ರಜೆ ಎಲ್ಲಕ್ಕೂ ಸೇವಾ ಹಿರಿತನವೇ ಆಧಾರ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವನು ಬೇರೆ ಕಂಪನಿಗೆ ಹೋದರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹಾಗಾಗಿ ‘ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಪ್ಪ’ ಅನ್ನೋದು ಹೇಳೋರಿಗೆ ಸುಲಭ. ಬಿಟ್ಟು ಹೋಗೋನಿಗೆ ಅದು ಹೊಸದಾಗಿ ಬದುಕು ಶುರು ಮಾಡಿದ ಹಾಗೆ.

2008ರಲ್ಲಿ ಆರ್ಥಿಕ ಕುಸಿತ ಬಂತು. ನೆಟ್‌ಜೆಟ್ಸ್‌ಗೆ 2009ರಲ್ಲಿ 71 ಕೋಟಿ ಡಾಲರ್ ನಷ್ಟ. ಮುಂದಿನ ವರ್ಷದ ಆರಂಭದಲ್ಲೇ ಸುಮಾರು 500 ಪೈಲಟ್‌ಗಳನ್ನು ಮನೆಗೆ ಕಳಿಸಿದರು. ಮತ್ತೆ ಲಾಭದ ದಿನ ಬಂದಾಗ ಪೈಲಟ್‌ಗಳು, ‘ನಮ್ಮ ಪಾಲೆಲ್ಲಿ?’ ಅಂದರು. ಕಂಪನಿ ಆರೋಗ್ಯ ವಿಮೆಯ ಖರ್ಚಿನಲ್ಲಿ ನೀವೂ ಪಾಲು ಕೊಡಿ ಅಂತು. 2015ರ ಮೇ ತಿಂಗಳಲ್ಲಿ ಒಮಾಹಾದಲ್ಲಿ ಬರ್ಕ್‌ಷೈರ್ ವಾರ್ಷಿಕ ಸಭೆಗೆ ಜಾತ್ರೆಯ ಹಾಗೆ ಜನ ಸೇರಿದ್ದಾಗ, ಪೈಲಟ್‌ಗಳು ಹೊರಗೆ ಫಲಕ ಹಿಡಿದು ನಿಂತರು. ಮರುತಿಂಗಳೇ ಕಂಪನಿಯ ಮುಖ್ಯಸ್ಥರು ಬದಲಾದರು. ಡಿಸೆಂಬರ್‌ನಲ್ಲಿ ಹೊಸ ಒಪ್ಪಂದವಾಯಿತು.

ಮುಷ್ಕರ ಆಯಿತಾ? ಇಲ್ಲ. 1926ರ ರೈಲ್ವೆ ಲೇಬರ್ ಆ್ಯಕ್ಟ್ ಅಲ್ಲಿ ವಿಮಾನದವರಿಗೂ ಅನ್ವಯ. ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ‘ಇನ್ನು ನಮ್ಮ ಕೈಲಾಗಲ್ಲ’ ಅಂತ ಬಿಟ್ಟುಕೊಟ್ಟು, ಆಮೇಲೆ 30 ದಿನ ಕಳೆಯೋವರೆಗೆ ಒಪ್ಪಂದದ ಜಗಳಕ್ಕೆ ಕೆಲಸ ನಿಲ್ಲಿಸೋ ಹಾಗಿಲ್ಲ. ಮಾತುಕತೆ ವರ್ಷಗಟ್ಟಲೆ ಎಳೆಯುತ್ತೆ. ಪೈಲಟ್‌ಗೆ ಉಳಿಯೋದು ಫಲಕ ಮತ್ತು ತಾಳ್ಮೆ, ಎರಡೇ.

ಕೋವಿಡ್ ನಂತರ ಗಾಳಿ ತಿರುಗಿತು. ಪೈಲಟ್‌ಗಳ ಕೊರತೆ ಬಂತು. 2023ರಲ್ಲಿ ಡೆಲ್ಟಾ ಏರ್‌ಲೈನ್ಸ್ ನಾಲ್ಕು ವರ್ಷಗಳಲ್ಲಿ ಶೇ. 34ರಷ್ಟು ಸಂಬಳ ಏರಿಸೋ ಒಪ್ಪಂದ ಮಾಡಿಕೊಂಡಿತು. ಅದನ್ನು ನೋಡಿದ ಖಾಸಗಿ ಜೆಟ್ ಪೈಲಟ್‌ಗಳು ಸುಮ್ಮನೆ ಕೂರ್ತಾರಾ? ನೆಟ್‌ಜೆಟ್ಸ್ ಪೈಲಟ್‌ಗಳು ಮತ್ತೆ ಬೀದಿಗೆ ಬಂದರು. 2024ರ ಜೂನ್‌ನಲ್ಲಿ, ತರಬೇತಿ ಮತ್ತು ಸುರಕ್ಷತೆ ಬಗ್ಗೆ ಸಂಘ ಆಡಿದ ಮಾತು ಸುಳ್ಳು ಅಂತ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. ಅದೇ ವರ್ಷ ಸಂಬಳ ಏರಿಸುವ ಒಪ್ಪಂದವೂ ಆಯಿತು! ಒಂದು ಕೈಯಲ್ಲಿ ಕೋರ್ಟ್ ಕಾಗದ, ಇನ್ನೊಂದು ಕೈಯಲ್ಲಿ ಒಪ್ಪಂದ.

ಸಂಘ ಅಂದರೆ ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಪೈಪೋಟಿಯ ಕಂಪನಿ ಫ್ಲೆಕ್ಸ್‌ಜೆಟ್‌ನ ಪೈಲಟ್‌ಗಳು 2018ರಲ್ಲಿ ಮತ ಹಾಕಿ ತಮ್ಮ ಸಂಘವನ್ನೇ ಕೈಬಿಟ್ಟರು. ಅದೂ ಅವರ ಹಕ್ಕೇ. ಬೇಕು ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಅವರದೇ ಮತ ಇತ್ತು ಅನ್ನೋದು ಮುಖ್ಯ.

ಈಗ ಆ ವೀಕ್ಷಕರ ಪ್ರಶ್ನೆಗೆ ಬರ್ತೀನಿ. 2001ರ ಮಾರ್ಚ್ 29. ಕೊಲರಾಡೊದ ಆಸ್ಪೆನ್, ಬೆಟ್ಟಗಳ ನಡುವಿನ ಊರು. ಬಾಡಿಗೆಗೆ ಪಡೆದ ಗಲ್ಫ್‌ಸ್ಟ್ರೀಮ್ ಜೆಟ್ ತಡವಾಗಿ ಹೊರಟಿದೆ. ಕತ್ತಲಾಗ್ತಿದೆ, ಹಿಮ ಬೀಳ್ತಿದೆ. ಬಾಡಿಗೆ ಪಡೆದವರಿಗೆ ಅಲ್ಲಿಯೇ ಇಳಿಯಬೇಕು. ವಿಮಾನ ಗುಡ್ಡಕ್ಕೆ ಅಪ್ಪಳಿಸಿತು. ಒಳಗಿದ್ದ 18 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಸಿಬ್ಬಂದಿಯ ತಪ್ಪಿನ ಜೊತೆಗೆ, ಗಿರಾಕಿಯಿಂದ ಕ್ಯಾಪ್ಟನ್ ಮೇಲೆ ಬಿದ್ದ ಒತ್ತಡವನ್ನೂ ಒಂದು ಕಾರಣವಾಗಿ ಬರೆಯಿತು.

ಓದಿ ನೋಡಿ ಆ ಸಾಲನ್ನು. ಗಿರಾಕಿಯ ಒತ್ತಡ! ದೊಡ್ಡ ವಿಮಾನದಲ್ಲಿ ಪೈಲಟ್‌ಗೂ ನಮಗೂ ನಡುವೆ ಗಟ್ಟಿ ಬಾಗಿಲಿದೆ. ಪುಟ್ಟ ಜೆಟ್‌ನಲ್ಲಿ ದುಡ್ಡು ಕೊಟ್ಟವನು ಬೆನ್ನ ಹಿಂದೆಯೇ ಕೂತಿರ್ತಾನೆ. ‘ಮೀಟಿಂಗ್ ಇದೆ, ಇಳಿಸಯ್ಯಾ’ ಅಂತಾನೆ. ಆಗ ‘ಆಗಲ್ಲ ಸರ್, ಹವೆ ಸರಿಯಿಲ್ಲ’, ‘ಆಗಲ್ಲ ಸರ್, ನನಗೆ ದಣಿವಾಗಿದೆ’ ಅನ್ನೋಕೆ ಧೈರ್ಯ ಬೇಕು. ನಾಳೆ ಕೆಲಸ ಉಳಿಯುತ್ತೆ ಅನ್ನೋ ನಂಬಿಕೆ ಇದ್ದವನಿಗೆ ಆ ಧೈರ್ಯ ಬರುತ್ತೆ. ಒಂಟಿಯಾಗಿದ್ದವನಿಗೆ ಎಲ್ಲಿಂದ ಬರಬೇಕು?

ನಮ್ಮಲ್ಲೂ ಚುನಾವಣೆ ಬಂದರೆ ಆಕಾಶದ ತುಂಬ ಬಾಡಿಗೆ ವಿಮಾನ, ಹೆಲಿಕಾಪ್ಟರ್. ಗಂಟೆಗೆ ಬಾಡಿಗೆ ಎಷ್ಟು ಅಂತ ನಾವು ಸುದ್ದಿಯವರು ಲೆಕ್ಕ ಹಾಕ್ತೀವಿ. ಯಾವ ನಾಯಕರು ಇಳಿದರು, ಎಷ್ಟು ಹಾರ ಬಿತ್ತು ಅಂತ ತೋರಿಸ್ತೀವಿ. ಒಳಗೆ ಕೂತ ಪೈಲಟ್ ಎಷ್ಟು ಗಂಟೆ ಮಲಗಿದ್ದ ಅಂತ ನಾನಂತೂ ಒಮ್ಮೆಯೂ ಕೇಳಿಲ್ಲ.

ಇನ್ಮುಂದೆ ಕೇಳ್ತೀನಿ. ಅವತ್ತು ಆಡಿದ ಮಾತನ್ನು ಇವತ್ತು ವಾಪಸ್ ತಗೊಳ್ತಿದ್ದೀನಿ. ಅದು ಬರೀ ಹೊಟ್ಟೆ ತುಂಬಿದವರ ಹೋರಾಟ ಅಲ್ಲ. ಧಣಿಗೆ ‘ಆಗಲ್ಲ’ ಅನ್ನೋ ಹಕ್ಕಿನ ಹೋರಾಟವೂ ಹೌದು. ಆ ಹಕ್ಕು ಉಳಿದರೆ ಪೈಲಟ್ ಒಬ್ಬನೇ ಅಲ್ಲ, ಧಣಿಯೂ ಉಳೀತಾನೆ.