ಕಾಂತ ಚಿಕಿತ್ಸೆ: ಹಣ ಕಟ್ಟುವ ಮುನ್ನ



“ಅಯಸ್ಕಾಂತದಿಂದ ಕ್ಯಾನ್ಸರ್ ವಾಸಿಯಾಗುತ್ತದಂತೆ, ನಮ್ಮ ನಿಧಿಯಿಂದ ಅದಕ್ಕೆ ನೆರವು ಸಿಗುತ್ತದೆಯೇ?” ಎಂದು ಕೆಲವರು ಕೇಳಿದ್ದಾರೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದವನು. ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಈ ವಿಜ್ಞಾನ ಸುಳ್ಳಲ್ಲ. ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಗೆಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಸತತವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹಾಯಿಸಿದರೆ ಕಣಗಳು ಬಿಸಿಯಾಗುತ್ತವೆ. ಆ ಬಿಸಿಗೆ ಗೆಡ್ಡೆ ಸೊರಗಿ, ರೇಡಿಯೇಷನ್‌ಗೆ ಬೇಗ ಬಗ್ಗುತ್ತದೆ. ಜರ್ಮನಿಯ ಮ್ಯಾಗ್‌ಫೋರ್ಸ್ ಕಂಪನಿಗೆ ಮಿದುಳಿನ ಗೆಡ್ಡೆಯ ಚಿಕಿತ್ಸೆಗಾಗಿ 2010ರಲ್ಲಿ ಯುರೋಪಿನ ಅನುಮತಿ ಸಿಕ್ಕಿತು. ಆದರೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೆಡ್ಡೆ ಮರುಕಳಿಸಿದ್ದ ರೋಗಿಗಳು 59 ಮಾತ್ರ. ಹೋಲಿಕೆಗೆ ಬೇರೆ ಗುಂಪಿರಲಿಲ್ಲ. 2022ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಇಂಥ ಕಣಗಳ ಮೇಲೆ ಔಷಧಿ ಹೊರಿಸಿ ಗೆಡ್ಡೆಗೇ ಮುಟ್ಟಿಸುವ ಕೆಲಸವೂ ಇನ್ನೂ ಪ್ರಯೋಗದ ಹಂತದಲ್ಲಿದೆ.

ಆದ್ದರಿಂದ ಯಾರಾದರೂ ಇದಕ್ಕೆ ಲಕ್ಷಗಟ್ಟಲೆ ಕೇಳಿದರೆ, ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ವಿಚಾರಿಸಿ. ಪ್ರಯೋಗವೆಂದರೆ, ಸರ್ಕಾರದ ಸಿಟಿಆರ್‌ಐ ನೋಂದಣಿಯಲ್ಲಿದೆಯೇ ನೋಡಿ. ನಮ್ಮ ನಿಧಿ ಇರುವುದು ಸಾಬೀತಾದ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್‌ಗೆ. ಹಣವಿಲ್ಲದೆ ಅವು ಅರ್ಧಕ್ಕೆ ನಿಲ್ಲಬಾರದು. ದಯವಿಟ್ಟು ಕೈಲಾದಷ್ಟು ಕೊಡಿ.